ಅವಳೆಲ್ಲಿ ಎಂದು ಮೇಷ್ಟ್ರು ಕೇಳಿದರೆ

ಸೀದ ಹಾಲಿನ ವಾಸನೆ, ಮೆಟ್ಟಿಲ ತಿರುವಿನಲ್ಲೇ ಮೂಗಿಗೆ ಬಡಿಯಿತು, ಅಂದರೆ ಇವತ್ತೂ ಹಾಲು ಉಕ್ಕಿದೆ, ಅಂದರೆ ಮೇಷ್ಟ್ರ ಮಗಳು ಒಲೆಯ ಮುಂದೆ ನಿಂತಿದ್ದಾಗಲೇ ಅವರು ಹಜಾರದಿಂದ ಕೂಗಿ ಕೇಳಿದ್ದಾರೆ, ಅವಳೆಲ್ಲಿ ಎಂದು, ಮಗಳು ಒಲೆ ಬಿಟ್ಟು ಓಡಿದ್ದಾಳೆ, ಏನೋ ಒಂದು ಹೇಳಿದ್ದಾಳೆ — ಅಂಗಡಿಗೆ ಹೋಗಿದಾಳೆ, ಸ್ನಾನಕ್ಕೆ ಹೋಗಿದಾಳೆ, ಬಾಯಿಗೆ ಬಂದದ್ದು — ಅಷ್ಟರಲ್ಲಿ ಹಾಲು ತನ್ನ ಪಾಡಿಗೆ ತಾನು ಉಕ್ಕಿ ಹರಿದಿದೆ. ಒಂದು ವಾಸನೆಯಿಂದ ಇಷ್ಟನ್ನೆಲ್ಲ ಓದಿಬಿಡುವುದು ಮೆಟ್ಟಿಲೇರುತ್ತಿದ್ದ ಅವಳಿಗೆ ಅಭ್ಯಾಸವಾಗಿ ಹೋಗಿತ್ತು, ಆಸ್ಪತ್ರೆಯ ಆಪ್ತಸಲಹೆಯ ಕೋಣೆಯಲ್ಲಿ ಕೂತು ಕೂತು ಅಂಟಿಕೊಂಡ ಅಭ್ಯಾಸ, ಜನ ಬಾಯಿಬಿಟ್ಟು ಹೇಳುವುದಕ್ಕಿಂತ ಚಪ್ಪಲಿ ಬಿಡುವ ರೀತಿಯಲ್ಲಿ, ಕುರ್ಚಿಯ ತುದಿಯಲ್ಲಿ ಕೂರುವ ರೀತಿಯಲ್ಲಿ ಹೆಚ್ಚು ಹೇಳುತ್ತಾರೆ ಎಂದು ಕಲಿಸಿದವರು ಇದೇ ಮೇಷ್ಟ್ರು, ಈಗ ತಮ್ಮ ಚಪ್ಪಲಿ ಯಾವುದೆಂದು ತಮಗೇ ತಿಳಿಯದೆ ಬಾಗಿಲಲ್ಲಿ ನಿಂತುಬಿಡುತ್ತಾರೆ. ಶನಿವಾರದ ಮಧ್ಯಾಹ್ನ, ಮಗಳಿಗೆ ಕನ್ನಡಕದಂಗಡಿಯ ಪಾಳಿ, ಆ ಹೊತ್ತಿಗೆ ಮೇಷ್ಟ್ರ ಜೊತೆ ಕೂರಲು ಹಳೆಯ ಶಿಷ್ಯೆಯಾದ ಅವಳು ಬರುತ್ತಾಳೆ, ಇದು ಮಾತಾಡಿಕೊಂಡ ಏರ್ಪಾಡು. ತಟ್ಟುವ ಮೊದಲೇ ಬಾಗಿಲು ತೆರೆಯಿತು, ಮಗಳು ಚೀಲ ಹೆಗಲಿಗೇರಿಸಿಕೊಂಡೇ ನಿಂತಿದ್ದಾಳೆ, ದಿನವಿಡೀ ಪರರ ಕಣ್ಣಿಗೆ ಗಾಜು ಇಟ್ಟು ತೆಗೆದು, ಇದು ಸ್ಪಷ್ಟವಾ ಇದು ಸ್ಪಷ್ಟವಾ ಎಂದು ಕೇಳುವವಳ ಸ್ವಂತ ಕಣ್ಣುಗಳು ಊದಿಕೊಂಡು ಕೆಂಪಾಗಿವೆ, ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು ದನಿ ತಗ್ಗಿಸಿ ಹೇಳುತ್ತಾಳೆ, ಅಕ್ಕಾ, ನಿಮ್ಮ ದಮ್ಮಯ್ಯ, ಇವತ್ತು ಮಾತ್ರ ನಿಜ ಹೇಳೋಕೆ ಹೋಗಬೇಡಿ. ಹೋದ ವಾರ ನೀವು ಹೇಳಿ ಹೊರಟುಬಿಟ್ರಿ, ಕತ್ತಲಾಗೋ ತನಕ ಅಪ್ಪ ಅತ್ರು, ಯಾಕೆ ಅಳ್ತಿದೀನಿ ಅನ್ನೋದು ಅರ್ಧ ದಾರೀಲೇ ಮರೆತುಹೋಯ್ತು, ಅಳು ಮಾತ್ರ ನಿಲ್ಲಲೇ ಇಲ್ಲ, ನನ್ನ ಮುಖ ನೋಡ್ಕೊಂಡು ಕೇಳ್ತಾರೆ, ಪುಟ್ಟೀ, ನಾನ್ಯಾಕೆ ಅಳ್ತಿದೀನಿ ಹೇಳೇ ಅಂತ, ನಾನೇನು ಹೇಳಲಿ ಅಕ್ಕ? ಅವಳು ತಲೆಯಾಡಿಸಿದಳು, ಹೂಂ ಎಂದೋ ಊಹೂಂ ಎಂದೋ ಅವಳಿಗೇ ಗೊತ್ತಿಲ್ಲದ ಹಾಗೆ, ಎದುರಿನವರು ತಮಗೆ ಬೇಕಾದಂತೆ ತಿಳಿದುಕೊಳ್ಳಲಿ ಎನ್ನುವ ಈ ತಲೆಯಾಡಿಸುವಿಕೆಯೂ ವೃತ್ತಿಯಿಂದ ಬಂದದ್ದೇ, ಮಗಳು ಅದನ್ನು ಹೂಂ ಎಂದೇ ತಿಳಿದು ದಡದಡ ಮೆಟ್ಟಿಲಿಳಿದು ಹೋದಳು.

ಏ ಕೊನೇ ಬೆಂಚು, ಬಾ ಬಾ, ಎಂದರು ಮೇಷ್ಟ್ರು. ಅವಳ ಹೆಸರು ಎಂದೋ ಹೋಗಿದೆ, ಕೊನೇ ಬೆಂಚು ಉಳಿದಿದೆ, ತರಗತಿಯ ಕೊನೆಯ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದವಳಿಗೆ ಅವರೇ ಇಟ್ಟ ಹೆಸರು, ಆ ದಿನಗಳೆಲ್ಲ ಅವರ ತಲೆಯಲ್ಲಿ ಹೊಸ ಪಾತ್ರೆಯಂತೆ ಹೊಳೆಯುತ್ತಿವೆ, ಕಳೆದ ವರ್ಷ ಮಾತ್ರ ಇಲ್ಲ, ಈ ಬೆಳಿಗ್ಗೆ ಇಲ್ಲ, ಈಗಷ್ಟೇ ಕುಡಿದ ನೀರು ಇಲ್ಲ. ಎಂಥ ಪಾಠ ಮಾಡುತ್ತಿದ್ದರು — ಮನೋಚಿಕಿತ್ಸೆಯ ಪಂಥಗಳನ್ನು ಒಂದೊಂದಾಗಿ, ಮದುವೆ ಮನೆಗೆ ಬಂದ ನೆಂಟರನ್ನು ಪರಿಚಯಿಸುವ ಹಾಗೆ, ನೋಡ್ರಪ್ಪಾ, ಮನೋವಿಶ್ಲೇಷಣೆ ಅಂದ್ರೆ ದೊಡ್ಡಪ್ಪ, ತಲೆನೋವು ಅಂದ್ರೂ ನಿನ್ನ ಚಿಕ್ಕಂದಿನಲ್ಲಿ ಏನಾಯ್ತು ಅಂತಲೇ ಶುರು ಮಾಡೋನು, ವರ್ತನಾ ಚಿಕಿತ್ಸೆ ಸೈನ್ಯದಿಂದ ನಿವೃತ್ತನಾಗಿ ಬಂದ ಚಿಕ್ಕಪ್ಪ, ಒಳಗೇನಿದೆ ಅಂತ ಕೇಳೋದೇ ಇಲ್ಲ, ಲಿಫ್ಟ್ ಕಂಡ್ರೆ ಭಯಾನಾ, ಇವತ್ತು ಅದರ ಬಾಗಿಲ ತನಕ ನಡಿ, ನಾಳೆ ಒಳಗೆ ಕಾಲಿಡು ಅಂತಾನೆ, ಅರಿವಿನ ಚಿಕಿತ್ಸೆ ಲಾಯರ್ ಭಾವ, ನಾನು ಕೆಲಸಕ್ಕೆ ಬಾರದೋನು ಅಂತ ಅಳ್ತಾ ಹೋದ್ರೆ ಹೌದಾ, ಸಾಕ್ಷಿ ಎಲ್ಲಿ ಅಂತಾನೆ, ವ್ಯಕ್ತಿಕೇಂದ್ರಿತ ಚಿಕಿತ್ಸೆ ಸೋದರತ್ತೆ, ಸಲಹೆ ಕೊಡಲ್ಲ, ತೀರ್ಪು ಕೊಡಲ್ಲ, ಪಕ್ಕದಲ್ಲಿ ಕೂತು ಹೌದೇನೋ ಕಂದ ಅಂತಾಳೆ, ಅಷ್ಟಕ್ಕೇ ಎದೆ ಹಗುರ, ಇನ್ನು ಅಸ್ತಿತ್ವವಾದಿ ಮಾವ ಒಬ್ಬ ಇದಾನೆ, ಊಟದ ಪಂಕ್ತೀಲೂ ಸಾವಿನ ಮಾತೇ ತೆಗೆಯೋನು, ಆದರೆ ಮನೇಲಿ ಸಾವಾದಾಗ ಎಲ್ಲರಿಗಿಂತ ಮೊದಲು ಬಂದು ನಿಲ್ಲೋನೂ ಅವನೇ. ತರಗತಿ ಬಿದ್ದು ಬಿದ್ದು ನಗುತ್ತಿತ್ತು. ಮೇಷ್ಟ್ರ ಹೆಂಡತಿ ಅದೇ ಕಾಲೇಜಿನ ಆಟದ ಮೇಡಂ, ಕುತ್ತಿಗೆಯಲ್ಲಿ ಸದಾ ಸೀಟಿ, ಹುಡುಗರ ಬಾಯಲ್ಲಿ ಸೀಟಿ ಮೇಡಂ, ಕಿಟಕಿಯ ಹೊರಗಿನಿಂದ ಇದನ್ನು ಕೇಳಿಸಿಕೊಂಡು ಗಟ್ಟಿಯಾಗಿ ಹೇಳಿದ್ದರು, ಇಷ್ಟೊಂದು ನೆಂಟರಲ್ಲಿ ಒಬ್ಬರಾದ್ರೂ ಎದ್ದು ಒಂದು ಲೋಟ ತೊಳೆದಿದ್ದು ನಾನು ಕಾಣೆ. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕಿದ್ದರು, ನಗು ನಿಂತ ಮೇಲೆ ಹಲಗೆಗೆ ಬೆನ್ನು ಕೊಟ್ಟು ನಿಂತು ಹೇಳಿದ್ದರು, ಯಾವ ನೆಂಟನ ಮಾತಾದ್ರೂ ಹಿಡ್ಕೊಳ್ಳಿ, ಒಂದು ಮಾತ್ರ ನೆನಪಿಡಿ, ಎದುರು ಕೂತೋರಿಗೆ ಸುಳ್ಳು ಹೇಳಬೇಡಿ, ಸಮಾಧಾನಕ್ಕೆ ಅಂತಲೂ ಹೇಳಬೇಡಿ, ಹೇಳಿದ ದಿನ ಅಂಗಡಿ ಮುಚ್ಚಿಬಿಡಿ.

ಅವಳೆಲ್ಲಿ? — ಬಂತು. ಬ್ಯಾಗು ಕೆಳಗಿಡುವಷ್ಟರಲ್ಲಿ ಬಂತು, ದನಿಯಲ್ಲಿ ಯಾವ ಆತಂಕವೂ ಇಲ್ಲ, ಪೇಪರು ಎಲ್ಲಿ ಎಂದು ಕೇಳಿದಷ್ಟೇ ಸಲೀಸು. ಅವರು ನಿಮಗೆ ತುಂಬ ನೆನಪಾಗ್ತಿದಾರೆ ಅನ್ಸುತ್ತೆ ಮೇಷ್ಟ್ರೇ, ಎಂದಳು ಅವಳು, ಸೋದರತ್ತೆಯ ದಾರಿ ಹಿಡಿದು, ಎದುರಿನವರ ಭಾವನೆಯನ್ನು ಕನ್ನಡಿಯಂತೆ ಹಿಡಿದು ತೋರಿಸುವುದು, ಮೇಷ್ಟ್ರ ಹುಬ್ಬು ಮೇಲೇರಿತು, ಅಲ್ಲಮ್ಮ, ನನ್ನ ಮಾತನ್ನೇ ಒಗೆದು ಇಸ್ತ್ರಿ ಮಾಡಿ ನನಗೇ ವಾಪಸ್ ಕೊಡ್ತೀಯಾ? ನಾನು ಭಾವನೆ ಹೇಳ್ಕೊಂಡಿಲ್ಲ, ಪ್ರಶ್ನೆ ಕೇಳಿದೀನಿ, ಹೆಂಡತಿ ಎಲ್ಲಿ ಅಂತ. ಅವಳಿಗೆ ನಗು ಬಂತು. ಹೆಂಡತಿ ಸತ್ತದ್ದು ನೆನಪಿಲ್ಲದ ತಲೆಗೆ ಶಿಷ್ಯೆಯ ತಂತ್ರ ಗೊತ್ತಾಗುತ್ತದೆ, ಎಲ್ಲ ಬೀಗಗಳನ್ನೂ ಮಾಡಿದವರ ಮನೆಗೆ ಕನ್ನ ಹಾಕಲು ಬಂದ ಹಾಗಿದೆ ತನ್ನ ಪಾಡು. ಎದ್ದು ಓಡಾಡೋಣ ಬನ್ನಿ ಎಂದು ಕೈಹಿಡಿದು ಎಬ್ಬಿಸಿದಳು, ಕಾಲಾಡಿದರೆ ಮನಸ್ಸೂ ಜಾಗ ಬಿಟ್ಟು ಕದಲೀತು ಎಂದು, ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಟ್ಟೆ ಒಣಗುವ ಬಾಲ್ಕನಿಗೆ, ಆದರೆ ಅವರ ಪಾಲಿಗೆ ಅದು ಹುಡುಕಾಟವೇ ಆಯಿತು, ಒಂದೊಂದು ಬಾಗಿಲ ಹಿಂದೂ ಬಗ್ಗಿ ನೋಡುತ್ತಾರೆ, ಬಚ್ಚಲ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಒಳಗಿದೀಯಾ ಎಂದು ಕೇಳಿ, ಉತ್ತರಕ್ಕೆ ಕಿವಿಗೊಟ್ಟು ನಿಲ್ಲುತ್ತಾರೆ. ನಿಂತವರು ತಾವೇ ವಾದ ಹೂಡಿದರು, ನೋಡು, ಅವಳ ಶೂ ಬಾಗಿಲ ಹತ್ರ ಇಲ್ಲ, ಆದ್ರಿಂದ ಹೊರಗೆ ಹೋಗಿದಾಳೆ, ಸೀಟಿ ಮೊಳೆಗೇ ನೇತಾಡ್ತಿದೆ, ಆದ್ರಿಂದ ದೂರ ಹೋಗಿಲ್ಲ, ಸರಿ ತಾನೇ? ಸರಿಯೇ, ಲಾಯರ್ ಭಾವ ಬಂದರೂ ಇದರಲ್ಲಿ ತಪ್ಪು ಹುಡುಕಲಾರ, ಸಾಕ್ಷಿ ಇದೆ, ತರ್ಕ ಇದೆ, ಶೂಗಳನ್ನು ಮಗಳು ಯಾರಿಗೋ ಕೊಟ್ಟುಬಿಟ್ಟದ್ದು ಮಾತ್ರ ಇವರ ಸಾಕ್ಷಿಯೊಳಗೆ ಇಲ್ಲ. ಹಿಂದೊಮ್ಮೆ ಖಾಲಿ ಕುರ್ಚಿಯ ತಂತ್ರವನ್ನೂ ಪ್ರಯೋಗಿಸಿ ನೋಡಿದ್ದಳು, ಎದುರಿಗೊಂದು ಕುರ್ಚಿ ಎಳೆದಿಟ್ಟು, ಮೇಡಂ ಇಲ್ಲಿ ಕೂತಿದಾರೆ ಅಂದ್ಕೊಳ್ಳಿ, ಹೇಳೋದೆಲ್ಲ ಹೇಳಿಬಿಡಿ ಎಂದಿದ್ದಳು, ಇದೇ ಮೇಷ್ಟ್ರ ತರಗತಿಯಲ್ಲಿ ಹೀಗೇ ಒಂದು ಕುರ್ಚಿಯ ಮುಂದೆ ತನ್ನ ತೀರಿಹೋದ ಅಪ್ಪನನ್ನು ಬಾಯ್ತುಂಬ ಬೈದು, ಅತ್ತು, ವರ್ಷಗಳ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡವಳು ಅವಳು — ಮೇಷ್ಟ್ರು ಕುರ್ಚಿ ನೋಡಿದರು, ಅವಳನ್ನು ನೋಡಿದರು, ಕಣ್ಣಲ್ಲಿ ಕರುಣೆ, ಅಲ್ಲಿ ಯಾರೂ ಇಲ್ವಲ್ಲ ಮಗೂ, ರಾತ್ರಿ ಸರಿಯಾಗಿ ನಿದ್ದೆ ಮಾಡ್ತಿದೀಯ ತಾನೇ, ಎಂದರು.

ಅವರೇ ಅವಳಿಂದ ಕೇಳಿ ಪಡೆದ ಮಾತಿಲ್ಲದಿದ್ದರೆ ಇಷ್ಟು ಕಷ್ಟವಿರುತ್ತಿರಲಿಲ್ಲ. ಮರೆವಿನ ಕಾಯಿಲೆಯ ಹೆಸರು ಗೊತ್ತಾದ ಹೊಸತು, ಕಾಲೇಜಿನ ತಮ್ಮ ಕೋಣೆ ಖಾಲಿ ಮಾಡುತ್ತಿದ್ದರು, ಸೀಟಿ ಮೇಡಂ ಕಿಟಕಿಯ ಕಟ್ಟೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತ, ಅದನ್ನಲ್ಲ, ಆ ದಪ್ಪದ್ದನ್ನ ಬಿಸಾಕಿ ಎಂದು ಆಜ್ಞೆ ಕೊಡುತ್ತಿದ್ದರು, ಪುಸ್ತಕ ಕಟ್ಟಲು ಬಂದ ಅವಳ ಕೈಯಿಂದ ಹಗ್ಗ ಇಸಿದುಕೊಂಡು ಮೇಷ್ಟ್ರು ಹೇಳಿದರು, ಇನ್ನು ಸ್ವಲ್ಪ ದಿನಕ್ಕೆ ಎಲ್ಲರೂ ನನಗೆ ಸುಳ್ಳು ಹೇಳೋಕೆ ಶುರು ಮಾಡ್ತಾರೆ, ಕೆಟ್ಟೋರಾಗಿ ಅಲ್ಲ, ಪ್ರೀತಿಯಿಂದಾನೇ, ನಾನು ಮಗು ಆಗ್ತೀನಲ್ಲ, ಮಕ್ಕಳಿಗೆ ಹೇಳೋ ಹಾಗೆ, ನೀನು ಮಾತ್ರ ಹೇಳಬೇಡ, ಜಗತ್ತಲ್ಲಿ ಒಬ್ಬರಾದ್ರೂ ನಿಜ ಹೇಳೋರು ಇದಾರೆ ಅಂತ ಇದ್ರೆ ನಾನು ಅದನ್ನ ಹಿಡ್ಕೊಂಡಿರ್ತೀನಿ. ಆಗಲಿ ಮೇಷ್ಟ್ರೇ ಎಂದಿದ್ದಳು, ಆಗ ಏನು ಮಹಾ ಎನಿಸಿತ್ತು. ಅವಳ್ಯಾಕೆ, ನಾನಿಲ್ವಾ, ಸೀಟಿ ಊದಿ ಊರಿಗೇ ಕೇಳೋ ಹಾಗೆ ನಿಜ ಹೇಳ್ತೀನಿ, ಎಂದಿದ್ದರು ಮೇಡಂ ಕಿಟಕಿಯಿಂದಲೇ. ಆ ಮೇಡಂ ಹೋದ ವರ್ಷ ಮೈದಾನದ ಅಂಚಿನಲ್ಲಿ ಮಕ್ಕಳ ಓಟ ನೋಡುತ್ತ ನಿಂತಿದ್ದವರು ಯಾಕೋ ಕೂತರು, ಕೂತವರು ಏಳಲಿಲ್ಲ. ಮೊದಲ ಶೋಕ ಎಲ್ಲರದೂ ಒಟ್ಟಿಗೇ ಆಯಿತು, ಎರಡನೆಯ ದಿನದಿಂದ ಮಗಳದು ಒಂದು ದಾರಿ, ಮೇಷ್ಟ್ರದು ದಾರಿಯೇ ಇಲ್ಲದ ಒಂದು ಮೊದಲ ದಿನ, ಮತ್ತೆ ಮತ್ತೆ ಮೊದಲ ದಿನ. ಶೋಕದ ಹಂತಗಳನ್ನು ಬರೆದವರು, ಶೋಕದ ಕೆಲಸಗಳನ್ನು ಒಂದಾದ ಮೇಲೆ ಒಂದು ಜೋಡಿಸಿಟ್ಟವರು, ಎಲ್ಲರೂ ಒಂದನ್ನು ನಂಬಿಕೊಂಡಿದ್ದರು, ಮಲಗಿ ಎದ್ದಾಗ ಸಾವು ಹಾಸಿಗೆಯ ಪಕ್ಕದಲ್ಲಿ ಹಾಗೇ ಇರುತ್ತದೆ, ದಿನಾ ಕಂಡು ಕಂಡು ಮುಖಪರಿಚಯವಾಗುತ್ತದೆ, ಕೊನೆಗೊಂದು ದಿನ ಸರಿ, ನೀನೂ ಇರು ಎನ್ನುತ್ತೇವೆ. ದುಃಖ ಸವೆಯಬೇಕಾದರೂ ನಿನ್ನೆ ಎನ್ನುವುದೊಂದು ಬೇಕು. ನಿನ್ನೆಯೇ ಇಲ್ಲದವರಿಗೆ ಏನು ಹೇಳಿದ್ದಾರೆ ಆ ದೊಡ್ಡಪ್ಪ ಚಿಕ್ಕಪ್ಪಂದಿರು — ಏನೂ ಇಲ್ಲ, ಅವಳು ಹುಡುಕಿದ್ದಾಳೆ, ಹೊಸದಾಗಿ ಬಂದ ಪಂಥದವರನ್ನೂ ಕೇಳಿದ್ದಾಳೆ, ಅವರೆಲ್ಲ ಹೇಳುವುದು ಮಾತು ತಿರುಗಿಸಿ, ಹಾಡು ಹಾಕಿ, ಪಟ ತೋರಿಸಿ, ಅಂದರೆ ಮಗಳು ಯಾವ ಪುಸ್ತಕವನ್ನೂ ಓದದೆ ದಿನಾ ಮಾಡುತ್ತಿರುವುದೇ.

ಅವಳೆಲ್ಲಿ ಅಂತ ಕೇಳ್ತಿದೀನಿ, ಕಿವಿ ಕೇಳಿಸಲ್ವಾ ನಿನಗೆ? ಈಗ ದನಿ ಏರಿತ್ತು. ಮಗಳ ಊದಿದ ಕಣ್ಣು ನೆನಪಾಯಿತು, ಕೊಟ್ಟ ಮಾತೂ ನೆನಪಾಯಿತು, ಮಾತೇ ಗೆದ್ದಿತು, ಅವಳು ಅವರ ಎರಡೂ ಕೈಗಳನ್ನು ಹಿಡಿದುಕೊಂಡು, ಮೇಷ್ಟ್ರೇ, ಮೇಡಂ ತೀರಿಕೊಂಡ್ರು, ಎಂದಳು, ಹೋದ ವರ್ಷ. ಹೀಗೆ ಹೇಳುವುದನ್ನೂ ಅವರೇ ಕಲಿಸಿದ್ದು, ಸಣ್ಣ ವಾಕ್ಯ, ಹೋದರು ಎನ್ನಬೇಡ, ಇಲ್ಲವಾದರು ಎನ್ನಬೇಡ. ಮುಖದಲ್ಲಿ ಮೊದಲು ಏನೂ ಆಗುವುದಿಲ್ಲ, ಆಮೇಲೆ ಬಾಯಿ ತುಸು ತೆರೆಯುತ್ತದೆ, ಆಮೇಲೆ ಕೈಗಳು ಅವಳ ಕೈಯೊಳಗೇ ತಣ್ಣಗಾಗುತ್ತವೆ, ಎಷ್ಟು ಸಲ ಕಂಡಿದ್ದಾಳೆ, ಅವಳಿಗೆ ಅದು ಹಳತು, ಅವರಿಗೆ ಪ್ರತಿಸಲವೂ ಹಸಿಹಸಿ. ನಾನೆಲ್ಲಿದ್ದೆ? ಮನೇಲಿದ್ರಿ. ಆಮೇಲೆ? ಆಮೇಲೆ ಬಂದ್ರಿ, ಕಳಿಸಿಕೊಡುವಾಗ ಇದ್ರಿ, ನನ್ನ ಕೈ ಹಿಡ್ಕೊಂಡು ನಿಂತಿದ್ರಿ. ಇದ್ದೆನಾ? ಇದ್ರಿ ಮೇಷ್ಟ್ರೇ. ಹಾಗಾದ್ರೆ ನನಗ್ಯಾಕೆ ಗೊತ್ತಿಲ್ಲ, ಎಂದರು, ಕೈ ಬಿಡಿಸಿಕೊಂಡು, ಅವಳ ಮೇಲೆ ಸಿಟ್ಟು ಬಂದವರ ಹಾಗೆ, ನನ್ನ ಹೆಂಡತಿ ಸಾಯ್ತಾಳೆ, ನನಗೇ ಗೊತ್ತಿಲ್ಲ, ನಾನೆಂಥ ಮನುಷ್ಯ ಕಣೇ, ಎಂಥ ಮನುಷ್ಯ ನಾನು — ಅಳು ಬಂತು, ಸದ್ದಿಲ್ಲದ್ದು, ಭುಜಗಳು ಮಾತ್ರ ಕುಲುಕುವಂಥದು, ಅವಳು ಪಕ್ಕದಲ್ಲಿ ಮೊಣಕಾಲೂರಿ ಕೂತಳು, ತಂತ್ರ ಯಾವುದೂ ಕೈಗೆ ಬರಲಿಲ್ಲ, ಬೆನ್ನು ಸವರಿದಳು, ಅಂಗಿಯೊಳಗೆ ಮೂಳೆಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು. ಅಸ್ತಿತ್ವವಾದಿ ಮಾವ ಇಲ್ಲೇ ತಾನೇ ಬಂದು ನಿಲ್ಲಬೇಕಾದದ್ದು, ಸಾವನ್ನು ಕಣ್ಣಿಟ್ಟು ನೋಡಿದವನು ಬದುಕಿಗೆ ಅರ್ಥ ಕಂಡುಕೊಳ್ಳುತ್ತಾನೆ ಎಂದವನು, ಇವರು ನೋಡುತ್ತಿದ್ದಾರಲ್ಲ, ಇವರಷ್ಟು ಸಲ ಯಾರು ನೋಡಿದ್ದಾರೆ, ಅರ್ಥ ಎಲ್ಲಿ, ಉಗುರಿನಷ್ಟಾದರೂ ಎಲ್ಲಿ? ಟೀ ಮಾಡಿ ತಂದಳು. ಮೇಷ್ಟ್ರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು, ಬಿಸಿ ಇದೆ ಎಂದರು, ಸಕ್ಕರೆ ಸರಿಯಾಗಿದೆ ಎಂದರು, ಲೋಟ ಕೆಳಗಿಟ್ಟು, ಕೆನ್ನೆ ಇನ್ನೂ ಒದ್ದೆ ಇರುವಾಗಲೇ, ಸುತ್ತ ನೋಡಿ, ಅವಳೆಲ್ಲಿ ಎಂದರು.

ಮತ್ತೆ ಅದೇ ವಾಕ್ಯ ನಾಲಗೆಯ ತುದಿಗೆ ಬಂತು, ಆದರೆ ಅವರ ಕೆಳತುಟಿ ಆಗಲೇ ಅದುರುತ್ತಿತ್ತು, ತಲೆಗೆ ಗೊತ್ತಿಲ್ಲದ್ದು ತುಟಿಗೆ ಗೊತ್ತಿತ್ತು, ಬೀಳಲಿರುವ ಏಟಿಗೆ ಮೈ ಆಗಲೇ ಕುಗ್ಗುತ್ತಿತ್ತು, ಹೊಡೆಯುವ ಕೈ ತನ್ನದು, ವಾರ ವಾರ ಬಂದು ಹೊಡೆದು ಹೋಗುವವಳು ತಾನು, ಇದಕ್ಕೆ ನಿಜ ಎಂದು ಹೆಸರು — ಮೈದಾನಕ್ಕೆ ಹೋಗಿದಾರೆ ಮೇಷ್ಟ್ರೇ, ಎಂದಳು, ಬರ್ತಾರೆ. ತನ್ನ ದನಿ ಇಷ್ಟು ಸಲೀಸಾಗಿ ಬಂದೀತು ಎಂದು ಅವಳು ತಿಳಿದಿರಲಿಲ್ಲ. ಮೇಷ್ಟ್ರು ಅವಳನ್ನೇ ದಿಟ್ಟಿಸಿದರು, ತರಗತಿಯಲ್ಲಿ ಸರಿ ಉತ್ತರ ಬಂದಾಗ ನೋಡುತ್ತಿದ್ದ ಹಾಗೆ, ಬರ್ತಾಳಾ? ನೀನು ಹೇಳ್ತಿದೀಯಾ? ಹೂಂ. ಪುಟ್ಟಿ ದಿನಕ್ಕೊಂದು ಹೇಳ್ತಾಳೆ ಕಣೇ, ಅಂಗಡಿ ಅಂತಾಳೆ, ಸ್ನಾನ ಅಂತಾಳೆ, ಮುಖ ನೋಡಿದ್ರೇ ಗೊತ್ತಾಗುತ್ತೆ ಏನೋ ಮುಚ್ಚಿಡ್ತಿದಾಳೆ ಅಂತ, ನೀನು ಹಾಗಲ್ಲ, ನೀನು ನನಗೆ ಸುಳ್ಳು ಹೇಳಲ್ಲ. ಯಾವ ಮೂಲೆಯಲ್ಲಿ ಉಳಿದಿತ್ತು ಇದು, ಕಾಯಿಲೆಯ ಹೆಸರು ಹೋಯಿತು, ಖಾಲಿ ಮಾಡಿದ ಕೋಣೆ ಹೋಯಿತು, ಕೇಳಿ ಪಡೆದ ಮಾತು ಹೋಯಿತು, ಮಾತಿನ ಮೇಲಿಟ್ಟ ನಂಬಿಕೆ ಮಾತ್ರ ಒಂಟಿಯಾಗಿ ನಿಂತಿತ್ತು, ಅವಳು ಅದಕ್ಕೇ ಸರಿಯಾಗಿ ಗುರಿಯಿಟ್ಟು ಹೊಡೆದಿದ್ದಳು. ಆಗ ಮೇಷ್ಟ್ರು, ಅಗಲ ಸೋಫಾದ ನಟ್ಟನಡುವೆ ಕೂತಿದ್ದವರು, ಎರಡೂ ಅಂಗೈ ಊರಿ, ಕಷ್ಟಪಟ್ಟು, ಒಂದು ತುದಿಗೆ ಸರಿದು ಕೂತರು. ಪಕ್ಕದ ಜಾಗದ ಬಟ್ಟೆ ಮುದುರಿತ್ತು, ಅಂಗೈಯಿಂದ ಎಳೆದು ಸುಕ್ಕು ಬಿಡಿಸಿದರು, ಎಲ್ಲೋ ಅಂಟಿದ್ದ ಒಂದು ಎಳೆ ನೂಲನ್ನು ಹೆಕ್ಕಿ ತೆಗೆದರು, ಬಾಗಿಲ ಕಡೆ ಮುಖ ಮಾಡಿದರು. ಅವಳು ಕಾದಳು, ಇನ್ನೊಂದು ಗಳಿಗೆಗೆ ಮರೆಯುತ್ತಾರೆ, ಮತ್ತೆ ಕೇಳುತ್ತಾರೆ, ಕೇಳಿದರೆ ಈ ಸಲ ನಿಜ ಹೇಳಿಬಿಡುವುದು, ಇದೊಂದನ್ನು ಅಳಿಸಿಬಿಡುವುದು, ಕೇಳಿ ಮೇಷ್ಟ್ರೇ, ಕೇಳಿ — ಅವರು ಕೇಳಲಿಲ್ಲ. ಅಳುವಿನ ಕಾರಣ ಮರೆತರೂ ಅಳು ಉಳಿದಿತ್ತಲ್ಲ ಹೋದ ವಾರ, ಹಾಗೇ ಈಗ ಯಾರು ಏನು ಹೇಳಿದರೆಂಬುದು ಹೋಗಿರಬಹುದು, ಕಾಯುವುದು ಉಳಿದುಬಿಟ್ಟಿತು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ತಲೆ ಎತ್ತುತ್ತಾರೆ, ಹೆಜ್ಜೆ ಮೇಲಿನ ಮನೆಗೆ ದಾಟಿ ಹೋದರೆ ಪರವಾಗಿಲ್ಲ ಎಂಬಂತೆ ಕತ್ತು ಸಡಿಲಿಸುತ್ತಾರೆ, ಬೇಸರವಿಲ್ಲ, ಅವಸರವಿಲ್ಲ. ಒಮ್ಮೆ ಅವಳೇ ತಡೆಯಲಾರದೆ ಹೋಗಿ ಆ ಜಾಗದಲ್ಲಿ ಕೂರಹೋದಳು, ಕೈ ಅಡ್ಡ ಇಟ್ಟು ಮೇಷ್ಟ್ರು ಹೇಳಿದರು, ಅಲ್ಲಿ ಬೇಡ ಮಗೂ, ಅವಳು ಬಂದ್ರೆ ಸುಸ್ತಾಗಿರ್ತಾಳೆ.

ಮಗಳು ಬಂದಾಗ ಬೀಗದ ಸದ್ದಿಗೇ ಅವರ ಮುಖ ಪೂರಾ ಅರಳಿ, ಬಾಗಿಲಲ್ಲಿ ಅವಳನ್ನು ಕಂಡು, ಓ ನೀನಾ ಎಂದು ಇಳಿದುಹೋಯಿತು, ಆದರೂ ಸಂಭ್ರಮದಿಂದಲೇ ಹೇಳಿದರು, ಅಮ್ಮ ಬರ್ತಾಳಂತೆ ಪುಟ್ಟೀ, ಕೊನೇ ಬೆಂಚು ಹೇಳಿದಾಳೆ. ಮಗಳು ಅವಳ ಕಡೆ ತಿರುಗಿದಳು, ಹೊರಟವಳ ಜೊತೆ ಬಾಗಿಲವರೆಗೆ ಬಂದು ಕೈ ಅಮುಕಿ ಹಿಡಿದು ಪಿಸುಗುಟ್ಟಿದಳು, ಎಷ್ಟು ದಿನ ಆಯ್ತು ಅಕ್ಕ, ಅಪ್ಪನ ಮುಖ ಇಷ್ಟು ಸಮಾಧಾನವಾಗಿ ನೋಡಿ, ನಿಮ್ಮಿಂದ ದೊಡ್ಡ ಉಪಕಾರ ಆಯ್ತು, ಇನ್ಮೇಲೆ ಹೀಗೇ ಹೇಳೋಣ, ನೀವು ಹೇಳಿದ್ರೆ ನಂಬ್ತಾರೆ. ಮೆಟ್ಟಿಲಿಳಿಯುತ್ತ ಅವಳಿಗೆ ಹಿಂದಿರುಗಿಬಿಡಬೇಕೆನಿಸಿತು, ಹೋಗಿ ನಿಜ ಹೇಳಿದರೆ ಮೇಡಂ ಮತ್ತೆ ಸಾಯುತ್ತಾರೆ, ಜೊತೆಗೆ ಅವರು ನಂಬಿದ್ದ, ಸುಳ್ಳು ಹೇಳದವಳೂ ಸಾಯುತ್ತಾಳೆ, ಹೇಳದಿದ್ದರೆ, ಹೇಳದಿದ್ದರೆ ಮುಂದಿನ ಶನಿವಾರ, ಅದರ ಮುಂದಿನದು, ಹಿಡಿದುಕೊಂಡಿರಲು ಒಬ್ಬರು ಬೇಕು ಎಂದಿದ್ದರು, ಹಿಡಿದುಕೊಂಡಿದ್ದಾರೆ, ಏನನ್ನು ಹಿಡಿದುಕೊಂಡಿದ್ದಾರೆ — ಬೀದಿಗೆ ಬಂದಳು, ಅಂಗಡಿಗಳ ಶಟರು ಅರ್ಧ ಇಳಿದಿದೆ, ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು, ಬಸ್ಸು ಬಂತು, ಹತ್ತಬೇಕು, ಸೋಮವಾರ ಆಸ್ಪತ್ರೆಯ ಕೋಣೆಯಲ್ಲಿ ಎದುರಿಗೆ ಬಂದು ಕೂರುವವರಿಗೆ ಏನು ಹೇಳುವುದು, ಯಾವ ನೆಂಟನನ್ನು ಕರೆಯುವುದು, ಸುಳ್ಳು ಹೇಳಿದ ದಿನ ಅಂಗಡಿ ಮುಚ್ಚುವುದು ಅಂದರೆ ಹೇಗೆ ಮುಚ್ಚುವುದು, ಮೇಷ್ಟ್ರ ಮನೆಯ ಬಾಗಿಲು ಎಳೆದುಕೊಂಡು ಹೊರಡುವಾಗ ತಿರುಗಿ ನೋಡಬಾರದಿತ್ತು, ನೋಡಿದಳು, ಮಗಳು ದೀಪ ಹಾಕಿದ್ದಳು, ಅವರು ಸರಿದೇ ಕೂತಿದ್ದರು, ಬಸ್ಸು ಹೋಯಿತು, ಸರಿದು ಕೂತು, ಇನ್ನೊಂದು ಬಸ್ಸು, ಯಾರೋ ಏನಮ್ಮಾ ಹತ್ತೋದಿಲ್ವಾ ಎಂದರು, ಸರಿದು ಕೂತು, ಅಂಗೈಯಿಂದ ಸುಕ್ಕು ಬಿಡಿಸಿ, ಬಿಡಿಸಿದ್ದನ್ನೇ ಮತ್ತೆ ಬಿಡಿಸಿ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ, ಒಬ್ಬರು ಕೂರುವಷ್ಟು